ಬಾಗಿನಕ್ಕೆ ಬಂದ ನಾಲ್ಕು ಟಯರು

ಗ್ಯಾರೇಜು ಬಿಟ್ಟು ಮನೆ ಸೇರಿದ ಮೇಲೆ ನನಗೆ ಆಗಿರುವ ಒಂದೇ ತೊಂದರೆ ಎಂದರೆ, ಬೀದಿಯಲ್ಲಿ ಯಾವ ಜೀಪು ಹೋದರೂ ನನ್ನ ಕಿವಿ ಅದರ ಹಿಂದೆಯೇ ಹೊರಟುಬಿಡುತ್ತದೆ. ಊಟಕ್ಕೆ ಕೂತಿದ್ದರೂ ಅಷ್ಟೆ. “ಕ್ರೌನ್ ಕೂಗ್ತಾ ಅದೆ” ಅಂತೀನಿ. “ಸಾರು ಆರ್ತಾ ಅದೆ” ಅಂತಾಳೆ ನನ್ನ ಹೆಂಡತಿ. ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಇದನ್ನು ತಿಳಿದುಕೊಂಡಿರಬೇಕು. ಕೈಯ ಗ್ರೀಸು ಸೋಪಿಗೆ ಹೋಗುತ್ತದೆ, ಕಿವಿಗೆ ಹಿಡಿದದ್ದು ಹೋಗುವುದಿಲ್ಲ.

ನಾನು ಹಾಸನದ ಹೊಳೆನರಸೀಪುರ ರಸ್ತೆಯ ಒಂದು ಜೀಪ್ ಗ್ಯಾರೇಜಿನಲ್ಲಿ ದುಡಿದವನು. ಮೀಸೆ ಬರುವ ಮುಂಚೆ ಸೇರಿ, ಮೀಸೆ ಬೆಳ್ಳಗಾದ ಮೇಲೆ ಬಿಟ್ಟೆ. ಅಪ್ಪ ಅಮ್ಮ ಇಟ್ಟ ಹೆಸರು ನಾಗರಾಜು, ಜನ ಕರೆದದ್ದು ಕ್ರೌನ್ ನಾಗ. ಜೀಪಿನ ಅಡಿಗೆ ಬಗ್ಗಿ ನೋಡಿದರೆ ಎರಡು ಚಕ್ರದ ನಡುವೆ ಕುಂಬಳಕಾಯಿಯಂಥ ಒಂದು ಕಬ್ಬಿಣದ ಗುಂಡು ಕಾಣುತ್ತದೆ. ಅದನ್ನು ಹೌಸಿಂಗ್ ಅನ್ನುತ್ತೇವೆ. ಅದರೊಳಗೆ ಕೂತಿರುವ ದೊಡ್ಡ ಹಲ್ಲಿನ ಚಕ್ರವೇ ಕ್ರೌನು. ಅದನ್ನು ಕಚ್ಚಿಕೊಂಡು ತಿರುಗಿಸುವ ಚಿಕ್ಕದು ಪಿನಿಯನ್ನು. ಎಂಜಿನ್ನಿನ ಶಕ್ತಿ ಚಕ್ರಕ್ಕೆ ಮುಟ್ಟಬೇಕಾದರೆ ಇವರಿಬ್ಬರ ಕೈ ದಾಟಿಯೇ ಹೋಗಬೇಕು.

ಪಿನಿಯನ್ನಿಗೆ ಎಂಟು ಹಲ್ಲು, ಕ್ರೌನಿಗೆ ಮೂವತ್ತೊಂಬತ್ತು ಹಲ್ಲು ಇದ್ದರೆ, ಪಿನಿಯನ್ನು ಹತ್ತಿರ ಹತ್ತಿರ ಐದು ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಸುತ್ತುತ್ತದೆ. ಟಯರು ದೊಡ್ಡದು ಹಾಕಿದಿರೋ, ಆ ಒಂದೇ ಸುತ್ತಿಗೆ ಗಾಡಿ ಮೊದಲಿಗಿಂತ ಹೆಚ್ಚು ದೂರ ಹೋಗಬೇಕಾಗುತ್ತದೆ. ಎಂಜಿನ್ನು ಮಾತ್ರ ಹಳೆಯದೇ. ಅದೇ ಆಳಿಗೆ ಮೊದಲಿಗಿಂತ ಭಾರದ ಮೂಟೆ ಹೊರಿಸಿದ ಹಾಗೆ. ಸಪಾಟು ರಸ್ತೆಯಲ್ಲಿ ಗೊಣಗುತ್ತಾ ಹೊರುತ್ತಾನೆ, ದಿಬ್ಬ ಬಂದರೆ ಮೂಟೆ ಇಳಿಸಿ ಕೂತುಬಿಡುತ್ತಾನೆ. ಆಗ ಹೆಚ್ಚು ಹಲ್ಲಿನ ಕ್ರೌನು ಹುಡುಕಿ ಹಾಕಬೇಕು. ಇಷ್ಟೇ ನನ್ನ ವಿದ್ಯೆ. ಇದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಗಿರಾಕಿಗಳಿಗೆ ತಿಳಿಸಿ ಹೇಳಲು ಒಂದು ಜನ್ಮ ಸಾಲಲಿಲ್ಲ.

ನುಗ್ಗೇಹಳ್ಳಿಯ ಒಬ್ಬ ಕಾಯಿ ವ್ಯಾಪಾರಿ ದೊಡ್ಡ ಟಯರು ಹಾಕಿಸಿಕೊಂಡು ಹೋದವರು ವಾರದಲ್ಲಿ ಜಗಳಕ್ಕೆ ಬಂದರು. ಚನ್ನರಾಯಪಟ್ಟಣಕ್ಕೆ ಹೋಗಿ ಬಂದರೆ ಮೀಟರಿನಲ್ಲಿ ಮೊದಲಿನಷ್ಟು ಕಿಲೋಮೀಟರು ತೋರಿಸುತ್ತಿಲ್ಲ, ಡೀಸೆಲ್ಲು ಮಾತ್ರ ಮೊದಲಿಗಿಂತ ಜಾಸ್ತಿ ಕುಡಿಯುತ್ತಿದೆ. “ನನ್ನ ಕಿಲೋಮೀಟ್ರು ಎಲ್ಲೋದ್ವು ಯೋಳಿ” ಎಂದು ಬಾಗಿಲಲ್ಲಿ ಅಡ್ಡ ನಿಂತರು. ಟಯರು ದೊಡ್ಡದಾದ ಮೇಲೆ ಚಕ್ರದ ಸುತ್ತು ಕಮ್ಮಿ, ಮೀಟರು ಸುತ್ತನ್ನೇ ಎಣಿಸುವುದು ಎಂದು ನಾನು ಚಾಕಿನಲ್ಲಿ ನೆಲದ ಮೇಲೆ ಬರೆದು ತೋರಿಸಿದೆ. ಅವರು ಬರೆದದ್ದರ ಮೇಲೇ ಕಾಲಿಟ್ಟು ನಿಂತಿದ್ದರು. ಕೊನೆಗೆ ನಮ್ಮ ಯಜಮಾನರು, “ನಿಮ್ಮೂರು ಪಟ್ಣಕ್ಕೆ ಅತ್ರ ಬಂದದೆ, ಸಂತೋಷ ಪಡಿ” ಅಂದರು. ಆಗ ಸಮಾಧಾನವಾಯಿತು.

ಯಜಮಾನರು ಎಂದರೆ ಕಾಳೇಗೌಡರು. ಗ್ಯಾರೇಜು ಅವರದ್ದು, ನನ್ನ ವಿದ್ಯೆಯೂ ಅವರದ್ದೇ. ಅವರದ್ದು ಒಂದು ಪದ್ಧತಿಯಿತ್ತು. ಕ್ರೌನು ಕೂರಿಸಿದ ಗಾಡಿಯನ್ನು ಮೊದಲ ಸಲ ಓಡಿಸುವಾಗ ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಬಾಯಿ ಮುಚ್ಚಿದರೆ ಕಿವಿ ತೆರೆಯುತ್ತದೆ ಎನ್ನುವುದು ಅವರ ಲೆಕ್ಕ. ಯಾರು ಏನು ಕೇಳಿದರೂ “ಊಂ”. ಸದ್ದು ಸರಿಯಿದ್ದರೆ ಗಾಡಿ ನಿಲ್ಲಿಸಿ, ಇಳಿದು, ಬೇಲಿ ಪಕ್ಕಕ್ಕೆ ಹೋಗಿ ಉಗುಳಿ ಬರುವರು. ಉಗುಳಿದರೆ ಕೆಲಸ ಪಾಸು. ಉಗುಳದೆ ಹಾಗೇ ಕೂತರೆ ಗಾಡಿ ವಾಪಸು, ಮತ್ತೆ ಹೌಸಿಂಗ್ ಬಿಚ್ಚು. ಬೇರೆ ಕಡೆ ಸರ್ಟಿಫಿಕೇಟು ಕೊಡುತ್ತಾರಂತೆ, ನಾವು ಉಗುಳಿಗೆ ಕಾದವರು. ದೊಡ್ಡ ದೊಡ್ಡ ಸಾಹೇಬರೂ ಜೀಪಿನ ಪಕ್ಕ ನಿಂತು ಅವರ ಕೆನ್ನೆಯನ್ನೇ ನೋಡುತ್ತಿದ್ದುದುಂಟು.

ಈಗ ಟಯರಿನ ಸೈಜು ಒತ್ತಿದರೆ ಎಷ್ಟು ಹಲ್ಲಿನ ಕ್ರೌನು ಬೇಕೆಂದು ಫೋನೇ ಹೇಳುತ್ತದೆ. ಒಳ್ಳೆಯದೇ. ನಾವು ಎರಡೂ ಹಿಂದಿನ ಚಕ್ರಕ್ಕೆ ಜಾಕಿ ಕೊಟ್ಟು, ಟಯರಿಗೂ ಪಿನಿಯನ್ನು ತಿರುಗಿಸುವ ಶಾಫ್ಟಿಗೂ ಚಾಕಿನ ಗೆರೆ ಎಳೆದು, ಒಬ್ಬ ಚಕ್ರ ತಿರುಗಿಸಿ ಇನ್ನೊಬ್ಬ ಕೆಳಗೆ ಮಲಗಿ ಸುತ್ತು ಎಣಿಸುತ್ತಿದ್ದೆವು. ನಡುವೆ ಯಾರಾದರೂ ಟೀ ಬೇಕಾ ಎಂದು ಕೇಳಿದರೆ ಲೆಕ್ಕ ತಪ್ಪಿ ಮೊದಲಿನಿಂದ ಶುರು. ಫೋನಿಗೆ ಟೀ ಬೇಡ. ಆದರೆ ಗಾಡಿಯ ಜೊತೆಗೆ ಗಾಡಿಯವರೂ ಬರುತ್ತಾರಲ್ಲ, ಅವರ ಸೈಜನ್ನು ಒತ್ತಲು ಅದರಲ್ಲಿ ಜಾಗವಿಲ್ಲ. ಅದಕ್ಕೇ ಜಯಮ್ಮನವರ ಜೀಪಿನ ಕತೆ ಹೇಳಬೇಕು ಅನ್ನಿಸಿದ್ದು.

ನಾನು ಗ್ಯಾರೇಜು ಬಿಡುವ ಹಿಂದಿನ ವರ್ಷ, ಗೌರಿ ಹಬ್ಬ ಮುಗಿದು ಸ್ವಲ್ಪ ದಿನಕ್ಕೆ, ಅರಕಲಗೂಡು ಕಡೆಯಿಂದ ಒಂದು ಹಳೇ ಜೀಪು ಬಂತು. ಬಂತು ಅನ್ನುವುದಕ್ಕಿಂತ ಟಯರು ಬಂದವು, ಅವುಗಳ ಮೇಲೆ ಜೀಪು ಕೂತಿತ್ತು ಅನ್ನಬಹುದು. ಗಾಡಿಗೆ ಯಾವ ಅಳತೆಯಲ್ಲೂ ಹೊಂದದ ರಾಕ್ಷಸ ಟಯರು. ನಾಲ್ಕಕ್ಕೂ ಅರಿಸಿನ ಕುಂಕುಮ ಇಟ್ಟಿತ್ತು. ಸ್ಟೇರಿಂಗಿನ ಹಿಂದಿನಿಂದ ಐವತ್ತರ ಆಚೆಯ ಒಬ್ಬ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಟ್ಟದಿಂದ ಇಳಿಯುವ ಹಾಗೆ ಹಿಂದುಮುಂದಾಗಿ ಇಳಿದರು.

“ಗೌಡ್ರೇ, ಗಾಡಿ ದಿಬ್ಬ ಅತ್ತಕ್ಕಿಲ್ಲ ಅಂತದೆ. ಅರ್ಧಕ್ಕೆ ಓಗಿ ಇಂದುಕ್ಕೆ ಬತ್ತದೆ.”

ಜಯಮ್ಮನವರು ಊರಿನ ಹಾಲನ್ನೆಲ್ಲ ಕ್ಯಾನುಗಳಲ್ಲಿ ತುಂಬಿಕೊಂಡು, ದಿಬ್ಬ ಹತ್ತಿಸಿ, ಮೇಲಿನ ಟಾರು ರಸ್ತೆಗೆ ಬರುವ ಹಾಲಿನ ಲಾರಿಗೆ ಮುಟ್ಟಿಸುವವರು. ಗಂಡ ತೀರಿಕೊಂಡ ಮೇಲೆ ಆ ಜೀಪೇ ಅವರ ಜೀವನ. ಎರಡು ಸಲ ಲಾರಿ ತಪ್ಪಿತ್ತು. ಇನ್ನೊಂದು ಸಲ ತಪ್ಪಿದರೆ ಕೆಲಸವನ್ನು ಪಿಕಪ್ ಗಾಡಿಯವನಿಗೆ ಕೊಡುತ್ತೇವೆಂದು ಡೈರಿಯವರು ಹೇಳಿದ್ದರು.

ಯಜಮಾನರು ಟಯರನ್ನು ಕಾಲಲ್ಲಿ ಒದ್ದು ನೋಡಲು ಹೋದರು. ಕುಂಕುಮ ಕಂಡು ಕಾಲು ಹಿಂದಕ್ಕೆ ತೆಗೆದರು. “ಇದುನ್ನ ಬಿಚ್ಚಿ ಅಳೇ ಟಯರು ಆಕ್ಬುಡಿ ತಾಯಿ. ಅರ್ಧ ಗಂಟೆ ಕೆಲ್ಸ.”

“ಬಿಚ್ಚಂಗಿಲ್ಲ.”

“ಯಾಕೆ?”

“ಬಾಗಿನ ಕಣ್ರೀ ಅದು. ತವ್ರು ಮನೆ ಬಾಗಿನ.”

ಗೌರಿ ಹಬ್ಬಕ್ಕೆ ಅಣ್ಣತಮ್ಮಂದಿರು ಮೊರದ ಬಾಗಿನ, ಸೀರೆ, ಬಳೆ ಕೊಡುವುದನ್ನು ನಾನು ಕಂಡಿದ್ದೆ. ಟಯರು ಕೊಟ್ಟದ್ದು ಕೇಳಿರಲಿಲ್ಲ. ಆಕೆಯ ತಮ್ಮ ಮಂಜೇಗೌಡನಿಗೆ ಚನ್ನರಾಯಪಟ್ಟಣದಲ್ಲಿ ಟಯರಿನ ಅಂಗಡಿ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಟಯರು ನಾಲ್ಕು ಆರಿಸಿ, ಅದರ ಮೇಲೆ ಮೊರ ಇಟ್ಟು ತಂದಿದ್ದ. ಅಕ್ಕ ತಮ್ಮ ಮಾತು ಬಿಟ್ಟು ಬಹಳ ವರ್ಷವಾಗಿತ್ತಂತೆ. ಅವನ ಮಗಳ ಮದುವೆ ಕಾರ್ಡಿನಲ್ಲಿ ‘ಸುಖಾಗಮನ ಬಯಸುವವರು’ ಎನ್ನುವ ಕಡೆ ಇವರ ಹೆಸರು ಬಿಟ್ಟುಹೋಗಿತ್ತು. ಪ್ರೆಸ್ಸಿನವನ ತಪ್ಪೆಂದು ತಮ್ಮ ಹೇಳಿದ್ದ. ಅಕ್ಕ ಕೇಳಬೇಕಲ್ಲ.

“ಕಾರ್ಡಿನ ಕೊನೇಲಿ ‘ಹಾಗೂ ಬಂಧು ಮಿತ್ರರು’ ಅಂತ ಆಕ್ತಾರಲ್ಲ, ನನ್ನ ಅದ್ರೊಳಿಕ್ಕೆ ತಳ್ಬುಟ್ಟ. ಒಡಹುಟ್ಟಿದೋಳು ನಾನು ಬಂಧುಮಿತ್ರ ಆಗೋದೆ” ಎಂದು ಜಯಮ್ಮ ಹೇಳುವಾಗ ಆ ಕಾರ್ಡು ನಿನ್ನೆ ಬಂದಷ್ಟು ಬಿಸಿಯಾಗಿತ್ತು. “ಅದಾದ್ಮೇಲೆ ಈ ವರ್ಸ ಅವ್ನೇ ಮೆಟ್ಲತ್ತಿ ಬಂದವ್ನೆ. ಈಗ ನಾನು ಬಿಚ್ಚಿಟ್ರೆ ಏನಂದ್ಕೊಂಡಾನು? ನೀವು ಗಾಡಿ ಸರಿ ಮಾಡಿ. ಟಯರಿನ ಸುದ್ದಿ ಬ್ಯಾಡ.”

ಎರಡು ದಿನಕ್ಕೆ ಮಂಜೇಗೌಡನೇ ಗ್ಯಾರೇಜಿಗೆ ಬಂದ. ಬಿಳೀ ಷರ್ಟು, ದುಂಡು ಹೊಟ್ಟೆ, ಮುಖದಲ್ಲಿ ಕಳವಳ. ಗಾಡಿ ದಿಬ್ಬದಲ್ಲಿ ಹಿಂದಕ್ಕೆ ಜಾರಿದ ಸುದ್ದಿ ಯಾರೋ ಅವನಿಗೆ ಮುಟ್ಟಿಸಿದ್ದರು.

“ಮೇಸ್ತ್ರಿ, ಏನಾರ ಮಾಡಿ ಬಿಚ್ಚಾಕ್ಬುಡಿ. ಪ್ರೀತಿಗೆ ದೊಡ್ಡದು ಕೊಟ್ಬುಟ್ಟೆ, ಗಾಡಿ ನೋಡ್ನಿಲ್ಲ. ಅಕ್ಕಂಗೆ ಏನಾರ ಆದ್ರೆ ನಾನು ಬದುಕಿದ್ದು ಸತ್ತಂಗೆ. ನಾನೇಳ್ದೆ ಅನ್ಬ್ಯಾಡಿ, ಕೊಟ್ಟದ್ದು ಕಿತ್ಕೊಂಡ ಅಂದಾಳು.”

ಯಜಮಾನರು ಯೋಚನೆ ಮಾಡಿ, “ನಾಗ ಯೋಳ್ತಾನೆ ಬುಡು” ಅಂದರು. ಮೂವತ್ತೊಂಬತ್ತು ಹಲ್ಲಿನ ನಡುವೆ ಬೆರಳಿಟ್ಟರೂ ನನಗೆ ಅಷ್ಟು ಭಯವಿರುತ್ತಿರಲಿಲ್ಲ. ಜಯಮ್ಮನವರಿಗೆ ಫೋನು ಮಾಡಿ, ಟಯರು ಬಿಚ್ಚಿ ಪೂಜೆಗೆ ಇಟ್ಟುಕೊಂಡರೆ ಹೇಗೆ ಎಂದು ನಯವಾಗಿ ಕೇಳಿದೆ. “ನಾಗ್ರಾಜಣ್ಣ, ನಿಮ್ಮೆಂಡ್ರ ತವ್ರು ಮನೆಯೋರು ಕೊಟ್ಟ ಸೀರೆನ ಬೀರೂನಲ್ಲಿ ಇಟ್ಬುಡು ಅಂತ ಒಂದಪ ಯೋಳಿ ನೋಡಿ” ಅಂದರು. ನಾನು ಹೇಳಿ ನೋಡಲಿಲ್ಲ.

ಸರಿ, ಟಯರಿಗೆ ತಕ್ಕ ಕ್ರೌನೇ ಆಗಬೇಕು. ನಲವತ್ಮೂರು ಹಲ್ಲಿನದು. ಫೋರ್‌ವೀಲ್ ಜೀಪಿಗೆ ಹಿಂದೆ ಒಂದು, ಮುಂದೆ ಒಂದು ಹೌಸಿಂಗು, ಎರಡರಲ್ಲೂ ಲೆಕ್ಕ ಒಂದೇ ಇರಬೇಕು. ಹಿಂದಿನದು ಹಾಸನದ ಗುಜರಿಯಲ್ಲೇ ಸಿಕ್ಕಿತು. ಮುಂದಿನದು ಬೇರೆ ಅಳತೆ, ಹುಡುಕಿ ಹುಡುಕಿ ಕೊನೆಗೆ ಹಳ್ಳಿಮೈಸೂರಿನ ಒಬ್ಬ ರೈತರ ಹಿತ್ತಿಲಲ್ಲಿ ಪತ್ತೆಯಾಯಿತು. ಅವರು ಹಳೇ ಜೀಪೊಂದನ್ನು ಕೋಳಿಗೂಡು ಮಾಡಿಕೊಂಡಿದ್ದರು. ಡ್ರೈವರ್ ಸೀಟಿನಲ್ಲಿ ಒಂದು ಹೇಂಟೆ ಕಾವಿಗೆ ಕೂತಿತ್ತು.

“ಆಕ್ಸಲ್ ಬಿಚ್ಕೊಳಿ, ನಂದೇನಿಲ್ಲ” ಎಂದರು ಆ ರೈತರು. “ಮರಿ ಆಗಗಂಟ ಮಾತ್ರ ಗಾಡಿ ಅಳ್ಳಾಡಿಸ್ಬ್ಯಾಡಿ. ನನ್ನೆಂಡ್ರು ಸುಮ್ಕಿರಾಕಿಲ್ಲ.”

ನಾನು ಬಾಗಿಲ ಸಂದಿಯಿಂದ ನೋಡಿದೆ. ಹೇಂಟೆ ಸ್ಟೇರಿಂಗಿನ ಕೆಳಗಿನಿಂದ ನನ್ನನ್ನು ನೋಡಿತು. ಅದಕ್ಕೂ ನನಗೂ ಯಾವ ಒಪ್ಪಂದವೂ ಆಗುವ ಹಾಗೆ ಕಾಣಲಿಲ್ಲ.

ಇತ್ತ ಅರ್ಧ ಕ್ಯಾನುಗಳನ್ನಷ್ಟೇ ಹೇರಿ ಎರಡೆರಡು ಸಲ ದಿಬ್ಬ ಹತ್ತಿಸುತ್ತಿದ್ದ ಜಯಮ್ಮನವರಿಗೆ ಕಾಯಲು ಪುರಸೊತ್ತಿಲ್ಲ. ಯಜಮಾನರು ಒಂದು ತೀರ್ಮಾನಕ್ಕೆ ಬಂದರು. ಸದ್ಯಕ್ಕೆ ಹಿಂದಿನದು ಹಾಕೋಣ, ಮುಂದಿನದು ಮರಿ ಆದ ಮೇಲೆ. ಹಿಂದಿನ ಚಕ್ರವಷ್ಟೇ ಎಳೆದರೂ ದಿಬ್ಬ ಹತ್ತುತ್ತದೆ. ಅಲ್ಲಿಯವರೆಗೆ ಮುಂದಿನ ಚಕ್ರಕ್ಕೂ ಎಳೆತ ಕೊಡುವ ಫೋರ್‌ವೀಲ್ ಲಿವರು ಮಾತ್ರ ಮುಟ್ಟಬಾರದು, ಏಕೆಂದರೆ ಹಿಂದಿನ ಚಕ್ರ ಒಂದು ಲೆಕ್ಕದಲ್ಲಿ, ಮುಂದಿನ ಚಕ್ರ ಇನ್ನೊಂದು ಲೆಕ್ಕದಲ್ಲಿ ಓಡಿ ಗಾಡಿ ತನ್ನನ್ನು ತಾನೇ ಎಳೆದಾಡಿಕೊಳ್ಳುತ್ತದೆ. “ಲಿವರು ಮುಟ್ಬ್ಯಾಡಿ ಅಂತ ಅಲ್ಲೋಗಿ ನಾನೇ ಯೋಳ್ತೀನಿ” ಎಂದರು ಯಜಮಾನರು. ಆ ಜವಾಬ್ದಾರಿಯನ್ನು ಅವರೇ ತೆಗೆದುಕೊಂಡದ್ದು ಅಂತ ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತಿದ್ದೇನೆ.

ಟ್ರಯಲ್ಲಿಗೆ ಜಯಮ್ಮನವರ ಊರಿಗೇ ಹೋದೆವು. ಬೆಳಗಿನ ಹಾಲು ತುಂಬಿದ ಕ್ಯಾನುಗಳನ್ನೆಲ್ಲ ಹೇರಿ ಆಗಿತ್ತು, ಮೇಲೆ ಲಾರಿ ಬರುವ ಹೊತ್ತು. ಮಂಜೇಗೌಡನೂ ಬೈಕಿನಲ್ಲಿ ಬಂದು ನಿಂತಿದ್ದ. ಜೀಪಿನ ಪಕ್ಕ ಒಂದು ಹಾಲಿನ ಪ್ಲಾಸ್ಟಿಕ್ ಕ್ರೇಟು ಬೋರಲು ಬಿದ್ದಿತ್ತು, ಅದಕ್ಕೊಂದು ಹಗ್ಗ. ತಮ್ಮ ಆ ಕಡೆ ತಿರುಗಿದ ತಕ್ಷಣ ಜಯಮ್ಮ ಕ್ರೇಟಿನ ಮೇಲೆ ಕಾಲಿಟ್ಟು ಹತ್ತಿ, ಹಗ್ಗ ಹಿಡಿದು ಅದನ್ನು ಮೇಲಕ್ಕೆ ಎಳೆದುಕೊಂಡು ಸೀಟಿನ ಅಡಿ ತಳ್ಳಿದರು.

ನಾನು ನೋಡಿದ್ದನ್ನು ಅವರು ನೋಡಿದರು. “ಮಂಡಿ ನೋವು ಕಣಣ್ಣ, ಟಯರು ಎತ್ರ ಆಗದೆ. ಮಂಜಂಗೆ ಯೋಳ್ಬ್ಯಾಡಿ, ನೊಂದ್ಕತಾನೆ” ಎಂದು ಪಿಸುಗುಟ್ಟಿದರು.

ನಾನು ಮುಂದಿನ ಸೀಟಿಗೆ ಹತ್ತಿದೆ, ಯಜಮಾನರು ಹಿಂದೆ ಕ್ಯಾನುಗಳ ನಡುವೆ ಕೂತರು. ಹಿಂದಕ್ಕೆ ತಿರುಗಿ ನೋಡುತ್ತೇನೆ, ಕೆನ್ನೆ ಆಗಲೇ ಊದಿದೆ, ಕಣ್ಣು ಮುಚ್ಚಿದೆ! ಲಿವರಿನ ಮಾತು ಹೇಳಿದ್ದಾರೆಯೇ ಎಂದು ಕೇಳಿದೆ. “ಊಂ” ಎಂದರು. ಹೇಳಿದ್ದಾರೆ ಎಂದುಕೊಂಡೆ.

ಜೀಪು ಕೆರೆ ಏರಿ ದಾಟಿ ದಿಬ್ಬಕ್ಕೆ ಬಿತ್ತು. ಎಷ್ಟು ಚೆನ್ನಾಗಿ ಎಳೆಯಿತು ಅಂತೀರಿ! ಅರ್ಧ ದಿಬ್ಬ ಮುಗಿಯಿತು. ಅಲ್ಲಿಂದ ಮೇಲೆ ಕಡಿದಾದ ಕಾಂಕ್ರೀಟು ರಸ್ತೆ. ಪ್ರತಿದಿನ ಆ ಜಾಗದಲ್ಲಿ ಏನು ಮಾಡಿ ರೂಢಿಯೋ ಅದನ್ನೇ ಜಯಮ್ಮ ಮಾಡಲು ಹೊರಟರು. “ನಂಜುಂಡೇಶ್ವರ” ಎನ್ನುತ್ತಾ ಫೋರ್‌ವೀಲ್ ಲಿವರಿಗೆ ಕೈ ಹಾಕಿದರು. ಹಿಂದಿನಿಂದ ಯಜಮಾನರು “ಊಂ! ಊಂ! ಊಂ!” ಎಂದು ಕೂಗಿದರು.

“ಗೌಡ್ರೂ ಊಂ ಅಂದವ್ರೆ” ಎಂದು ಜಯಮ್ಮ ಲಿವರು ಎಳೆದೇಬಿಟ್ಟರು.

ಮುಂದಿನದ್ದನ್ನು ಹೇಗೆ ಹೇಳಲಿ. ಜೀಪು ಒಂದು ಸಲ ಕುಪ್ಪಳಿಸಿತು. ಮತ್ತೊಂದು ಸಲ ಕುಪ್ಪಳಿಸಿತು. ಟಯರುಗಳು ಕಾಂಕ್ರೀಟಿನ ಮೇಲೆ ಕಿರ್ರೆಂದು ಅತ್ತವು. ಕ್ಯಾನುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು, ಒಂದರ ಮುಚ್ಚಳ ಹಾರಿ ಯಜಮಾನರಿಗೆ ತಲೆಯಿಂದ ಹಾಲಿನ ಅಭಿಷೇಕವಾಯಿತು. ಎಂಜಿನ್ನು ಒಂದು ಸಲ ನಿಟ್ಟುಸಿರು ಬಿಟ್ಟು ನಿಂತುಹೋಯಿತು. ಲಿವರು ಹಿಂದಕ್ಕೆ ಬರಲೊಲ್ಲದು. ಗೇರುಗಳು ಒಂದನ್ನೊಂದು ಬಿಗಿದು ಹಿಡಿದುಕೊಂಡಿದ್ದವು. ನಾನು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ.

ಹಿಂದೆ ತಿರುಗಿದರೆ ಯಜಮಾನರು ಕಣ್ಣು ಕಣ್ಣು ಬಿಡುತ್ತಿದ್ದಾರೆ. ಕೆನ್ನೆ ಚಪ್ಪಟೆಯಾಗಿದೆ.

“ಎಲೆಯಡಿಕೆ ಎಲ್ಲಿ ಯಜಮಾನ್ರೇ?”

“ನುಂಗ್ಬುಟ್ಟೆ ಕಣ್ಲಾ” ಅಂದರು.

ಮೇಲೆ ಲಾರಿಯ ಹಾರನ್ನು ಕೇಳಿಸಿತು. ಜಯಮ್ಮನವರ ಮುಖ ಆಗ ಹೇಗಿತ್ತೆಂದು ನೆನೆದರೆ ಈಗಲೂ ನನಗೆ ನಗು ನಿಂತುಹೋಗುತ್ತದೆ. ಆ ಹೆಂಗಸಿನ ಅನ್ನ ಆ ಹಾರನ್ನಿನಲ್ಲಿತ್ತು. ಅಷ್ಟರಲ್ಲಿ ಹಿಂದೆಯೇ ಬರುತ್ತಿದ್ದ ಮಂಜೇಗೌಡ ಬೈಕನ್ನು ಬೇಲಿಗೆ ಒರಗಿಸಿ ಓಡಿಬಂದ. ಮಾತಿಲ್ಲ, ಕತೆಯಿಲ್ಲ. ಒಂದು ಕ್ಯಾನನ್ನು ಭುಜಕ್ಕೆ ಎತ್ತಿಕೊಂಡು ದಿಬ್ಬ ಹತ್ತತೊಡಗಿದ. ಅವನನ್ನು ನೋಡಿ ನಾನೂ ಒಂದು ಹೊತ್ತೆ, ದಾರಿಯಲ್ಲಿ ಹೋಗುತ್ತಿದ್ದವರೂ ಹೊತ್ತರು. ಅವನು ಬಿಳೀ ಷರ್ಟಿನ ಮೇಲೆಲ್ಲ ಹಾಲು ಸುರಿಸಿಕೊಂಡು ಏದುಸಿರು ಬಿಡುತ್ತಾ ಹತ್ತಿ ಇಳಿದ, ಹತ್ತಿ ಇಳಿದ. ಚೆಲ್ಲಿದ ಕ್ಯಾನು ಒಂದು ಬಿಟ್ಟು ಎಲ್ಲವೂ ಲಾರಿ ಸೇರಿದವು.

ಕೆಳಗೆ ಬಂದವನು ಗಾಡಿಯಿಂದ ಇಳಿದಿದ್ದ ಅಕ್ಕನ ಎದುರು ನಿಂತು, “ಅಕ್ಕ, ಬಿಚ್ಚಾಕ್ಬುಡಣ ಇವುನ್ನ” ಎಂದ.

“ಬಿಚ್ಚಿದ್ರೆ ನನ್ನ ಮನೆ ಬಾಗ್ಲಿಗೆ ಬರಬ್ಯಾಡ” ಎಂದರು ಜಯಮ್ಮ. “ಟಯರಿಂದೇನು ತಪ್ಪು? ಇವ್ರು ಊಂ ಅಂದ್ರು, ನಾನು ಎಳೆದೆ.”

ಯಜಮಾನರು ತಲೆಯ ಹಾಲು ಒರೆಸಿಕೊಳ್ಳುತ್ತಾ ಆಕಾಶ ನೋಡಿದರು.

ಒಂದು ಚಕ್ರಕ್ಕೆ ಜಾಕಿ ಕೊಟ್ಟು ಎತ್ತಿದೆ. ನೆಲ ಬಿಟ್ಟ ಕೂಡಲೇ ಚಕ್ರ ತಾನಾಗಿ ಗಿರ್ರೆಂದು ತಿರುಗಿ ಬಿಗಿ ಸಡಿಲವಾಯಿತು, ಲಿವರು ಬೆಣ್ಣೆಯ ಹಾಗೆ ಹಿಂದಕ್ಕೆ ಬಂತು. ಜಾಕಿ ಇಳಿಸಿ, ಗಾಡಿ ಜಾರುವ ಮುಂಚೆ “ಅತ್ತಿ, ಅತ್ತಿ, ಸ್ಟಾರ್ಟ್ ಮಾಡಿ” ಎಂದು ನಾನು ಅವಸರಪಡಿಸಿದೆ. ಜಯಮ್ಮ ಗಡಿಬಿಡಿಯಲ್ಲಿ ಮರೆತು ತಮ್ಮನ ಎದುರೇ ಕ್ರೇಟು ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಹತ್ತಿ, ಹಗ್ಗ ಎಳೆದರು. ಕ್ರೇಟು ತೂಗಾಡುತ್ತಾ ಮೇಲಕ್ಕೆ ಹೋಯಿತು. ಮಂಜೇಗೌಡ ಅದನ್ನು ನೋಡಿದ. ಅಕ್ಕನ ಮಂಡಿಯನ್ನು ನೋಡಿದ.

ಹಳ್ಳಿಮೈಸೂರಿನಲ್ಲಿ ಮರಿಗಳಾದವು, ಎಲ್ಲವೂ ಕ್ಷೇಮ. ಮುಂದಿನ ಹೌಸಿಂಗಿಗೂ ನಲವತ್ಮೂರು ಹಲ್ಲಿನ ಕ್ರೌನು ಕೂತಿತು. ಎರಡನೇ ಟ್ರಯಲ್ಲಿನಲ್ಲಿ ಲಿವರು ಹಾಕಿ, ತುಂಬಿದ ಕ್ಯಾನುಗಳೊಂದಿಗೆ ಜೀಪು ಇಡೀ ದಿಬ್ಬವನ್ನು ನೀರು ಕುಡಿದಷ್ಟು ಸಲೀಸಾಗಿ ಹತ್ತಿತು. ಮೇಲೆ ಹೋಗಿ ಲಾರಿಗಾಗಿ ನಾವೇ ಕಾದೆವು. ಪಿಕಪ್ಪಿನವನ ಸುದ್ದಿ ಮತ್ತೆ ಯಾರೂ ಎತ್ತಲಿಲ್ಲ. ಆದರೆ ಯಜಮಾನರು ಹಿಂದಿನ ಸೀಟಿನಲ್ಲಿ ಬರೀ ಬಾಯಲ್ಲಿ ಕೂತಿದ್ದರು. ನುಂಗಿದ್ದು ತಲೆ ಸುತ್ತಿಸಿ ಮಲಗಿಸಿದ ಮೇಲೆ ಎಲೆಯಡಿಕೆ ಬಿಟ್ಟಿದ್ದರು. “ಎಂಗದೆ?” ಎಂದರೆ “ಸರಿ ಅದೆ ಬುಡು” ಎಂದು ಬಾಯಿಬಿಟ್ಟು ಹೇಳಿದರು. ನನಗೆ ಪಿಚ್ಚೆನಿಸಿತು. ಉಗುಳಿಲ್ಲದೆ ಹೊರಟ ಗಾಡಿ ನಮ್ಮ ಗ್ಯಾರೇಜಿನಲ್ಲಿ ಅದೇ ಮೊದಲು.

ವರ್ಷ ತಿರುಗಿತು. ನಾನು ಕೆಲಸ ಬಿಡಲು ಕೆಲವೇ ದಿನವಿದ್ದಾಗ ಮತ್ತೆ ಗೌರಿ ಹಬ್ಬದ ಮುಂಚೆ ಮಂಜೇಗೌಡ ಬಂದ. ಅವನ ಕೈಯಲ್ಲಿ ಏನೋ ಭಾರದ್ದು, ಗೋಣಿಯಲ್ಲಿ ಸುತ್ತಿದ್ದು. ಇನ್ನೂ ದೊಡ್ಡ ಟಯರು ತಂದನೇನೋ, ಅದಕ್ಕೆ ತಕ್ಕ ಕ್ರೌನು ಈ ಲೋಕದಲ್ಲೇ ಇಲ್ಲವಲ್ಲ ಎಂದುಕೊಂಡೆ. ಗೋಣಿ ಬಿಚ್ಚಿದರೆ ಕಬ್ಬಿಣದ ಒಂದು ಫುಟ್‌ಬೋರ್ಡು. ಎರಡು ಮೆಟ್ಟಿಲಿನದು, ಜಾರದ ಹಾಗೆ ಮೇಲೆ ಟಯರಿನ ರಬ್ಬರು ಕತ್ತರಿಸಿ ಹೊಡೆದಿತ್ತು. ಕತ್ತರಿಸಿದ್ದು, ಹೊಡೆದದ್ದು ಅವನೇ ಎಂದು ಅಂಕುಡೊಂಕು ನೋಡಿದರೆ ತಿಳಿಯುತ್ತಿತ್ತು.

“ಹಬ್ಬದ ದಿನ ಅಕ್ಕನ ಗಾಡಿಗೆ ಕೂರಿಸ್ಕೊಡಿ ಮೇಸ್ತ್ರಿ. ಎತ್ರ ಸರಿ ನೋಡಿ. ಅವ್ಳಿಗೆ ಎಡ ಮಂಡಿ ನೋವು” ಎಂದ.

ಬೆಸುಗೆ ಮಷೀನು ಹೇರಿಕೊಂಡು ನಾನೂ ಯಜಮಾನರೂ ಹೋದೆವು. ಬದುಕಿಡೀ ಕ್ರೌನು ಕೂರಿಸಿದವನ ಕೊನೆಯ ಕೆಲಸ ಒಂದು ಮೆಟ್ಟಿಲು. ಬೆಸುಗೆ ಮುಗಿಸಿ ಪಕ್ಕಕ್ಕೆ ಸರಿದೆ. ಜಯಮ್ಮ ಮೊರದ ಬಾಗಿನ ಕಂಕುಳಲ್ಲಿ ಇಟ್ಟುಕೊಂಡು ಬಂದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. “ನೀವು ಯೋಳುದ್ರಾ?”

“ದೇವರಾಣೆ ನಾನೇಳಿಲ್ಲ” ಎಂದೆ.

ಮಂಜೇಗೌಡ ಕಾಂಪೌಂಡಿನ ಆಚೆ ಬೈಕಿನ ಗಾಳಿ ನೋಡುವವನ ಹಾಗೆ ಬಗ್ಗಿ ನಿಂತಿದ್ದ. ಜಯಮ್ಮ ಮೆಟ್ಟಿಲಿಗೆ ಅರಿಸಿನ ಕುಂಕುಮ ಇಟ್ಟರು. ಸೀಟಿನ ಅಡಿಯಿಂದ ಕ್ರೇಟು ಎಳೆದು, ಹಗ್ಗ ಬಿಚ್ಚಿ, ಕೊಟ್ಟಿಗೆಯ ಕಡೆ ಎಸೆದರು. ಬಲಗಾಲನ್ನು ಮೆಟ್ಟಿಲ ಮೇಲಿಟ್ಟು, ತವರಿನ ಹೊಸ್ತಿಲು ದಾಟುವ ಹಾಗೆ ನಿಧಾನವಾಗಿ ಹತ್ತಿ ಕೂತರು.

“ಮಂಜ, ಅಲ್ಯಾಕ್ಲಾ ನಿಂತಿದ್ದೀಯೆ, ಬಾ ಕುತ್ಕೊ” ಎಂದು ಕರೆದರು. ಅವನು ಕಣ್ಣೊರೆಸಿಕೊಂಡು ಬಂದು ಪಕ್ಕದಲ್ಲಿ ಕೂತ. ಜೀಪು ಕೆರೆ ಏರಿ ದಾಟಿ, ದಿಬ್ಬ ಹತ್ತಿ, ಕಣ್ಮರೆಯಾಗುವವರೆಗೂ ನಾನು ಸದ್ದು ಕೇಳುತ್ತಾ ನಿಂತೆ. ಎಲ್ಲೂ ಒಂದು ಅಪಸ್ವರವಿಲ್ಲ.

ಜಗಲಿಯಲ್ಲಿ ಕೂತಿದ್ದ ಯಜಮಾನರು ಏನಂತಾರೋ ಎಂದು ತಿರುಗಿದೆ. ಹಬ್ಬದ ತಟ್ಟೆಯ ಎಲೆಯಡಿಕೆ ಯಾವಾಗ ಬಾಯಿಗೆ ಹೋಗಿತ್ತೋ, ಕೆನ್ನೆ ಊದಿತ್ತು, ಕಣ್ಣು ಮುಚ್ಚಿತ್ತು. ದೂರದ ಸದ್ದು ಪೂರ್ತಿ ಕರಗುವವರೆಗೂ ಕೇಳಿದರು. ಆಮೇಲೆ ಎದ್ದು, ಬೇಲಿ ಪಕ್ಕಕ್ಕೆ ಹೋಗಿ, ಉಗುಳಿ ಬಂದರು.